ಅಮೆರಿಕದ ಮೊದಲ ಪಕ್ಷಗಳನ್ನು ಬೆಳೆಸಿದ್ದು ವಿದೇಶಾಂಗ ನೀತಿಯ ಜಗಳ

ಮಾನ್ಯ ಸಂಪಾದಕರೇ,

ಅಮೆರಿಕದ ವಿದೇಶಾಂಗ ನೀತಿಯ ಮೂಲವನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಅಷ್ಟು ಹಳೆಯ ವಿಷಯವೊಂದನ್ನು ಕನ್ನಡದಲ್ಲಿ ವಿಸ್ತಾರವಾಗಿ ಬರೆದ ಲೇಖಕರಿಗೆ ಮೊದಲು ಕೃತಜ್ಞತೆ ಹೇಳಬೇಕು. ಆದರೆ ಇಡೀ ಲೇಖನಕ್ಕೆ ಆಧಾರವಾಗಿರುವ ಎರಡು ಮಾತುಗಳು ಸರಿಯಲ್ಲ. ಯಾರೊಡನೆಯೂ ತೊಡಕಿನ ಮೈತ್ರಿ ಬೇಡ ಎಂದು ಜಾರ್ಜ್ ವಾಷಿಂಗ್ಟನ್ ತಮ್ಮ ವಿದಾಯ ಸಂದೇಶದಲ್ಲಿ ಹೇಳಿದರು ಎಂಬುದು ಮೊದಲನೆಯದು. ಗಣರಾಜ್ಯವನ್ನು ಕಟ್ಟಿದವರು ಬ್ಯಾಂಕು, ಸಾಲ, ತೆರಿಗೆಗಳ ವಿಷಯದಲ್ಲಿ ಎಷ್ಟೇ ಕಿತ್ತಾಡಿದರೂ ಹೊರದೇಶಗಳ ಪ್ರಶ್ನೆ ಬಂದಾಗ ಒಂದಾಗಿ ನಿಲ್ಲುತ್ತಿದ್ದರು ಎಂಬುದು ಎರಡನೆಯದು. ಮೊದಲನೆಯದು ಚಿಕ್ಕ ತಪ್ಪು. ಎರಡನೆಯದು ಆ ಕಾಲದ ಚರಿತ್ರೆಯನ್ನೇ ತಲೆಕೆಳಗು ಮಾಡುವಂಥದ್ದು. ಬಹಳ ವರ್ಷ ಇತಿಹಾಸದ ಪಾಠ ಹೇಳಿದ ನಾನು ಈ ಎರಡು ತಪ್ಪುಗಳನ್ನೂ ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಈ ಪತ್ರ ವಾಡಿಕೆಗಿಂತ ದೀರ್ಘವಾಗಿದ್ದರೆ ಮನ್ನಿಸಬೇಕು.

ಚಿಕ್ಕದನ್ನು ಮೊದಲು ಮುಗಿಸುತ್ತೇನೆ. ತೊಡಕಿನ ಮೈತ್ರಿ ಎಂಬ ನುಡಿ ಥಾಮಸ್ ಜೆಫರ್ಸನ್ ಅವರದು. 1801ರ ಮಾರ್ಚ್ 4ರಂದು ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡಾಗ ಮಾಡಿದ ಭಾಷಣದಲ್ಲಿ ಅವರು, ಎಲ್ಲ ರಾಷ್ಟ್ರಗಳೊಡನೆ ಶಾಂತಿ, ವ್ಯಾಪಾರ ಮತ್ತು ಪ್ರಾಮಾಣಿಕ ಸ್ನೇಹವನ್ನು ಇಟ್ಟುಕೊಂಡು ಯಾರೊಡನೆಯೂ ತೊಡಕಿನ ಮೈತ್ರಿಗೆ ಹೋಗದಿರುವುದು ತಮ್ಮ ಸರ್ಕಾರದ ನೀತಿ ಎಂದು ಹೇಳಿದರು. ವಾಷಿಂಗ್ಟನ್ ಅವರ ಸಂದೇಶ ಬಂದದ್ದು ಅದಕ್ಕೂ ನಾಲ್ಕೂವರೆ ವರ್ಷ ಮೊದಲು, 1796ರ ಸೆಪ್ಟೆಂಬರ್ 19ರಂದು. ಅದನ್ನು ಅವರು ಯಾವ ಸಭೆಯಲ್ಲೂ ಓದಲಿಲ್ಲ, ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದರು. ಶಾಶ್ವತ ಮೈತ್ರಿಗಳಿಂದ ದೂರವಿರಬೇಕು ಎನ್ನುವುದು ಅದರಲ್ಲಿನ ಎಚ್ಚರಿಕೆ. ಅಸಾಧಾರಣ ಸಂಕಟ ಬಂದಾಗ ತಾತ್ಕಾಲಿಕ ಮೈತ್ರಿಯನ್ನು ನಂಬಬಹುದು ಎಂದೂ, ಆಗಲೇ ಮಾಡಿಕೊಂಡಿರುವ ಒಪ್ಪಂದಗಳಿಗೆ ದ್ರೋಹ ಬಗೆಯುವುದು ಸಲ್ಲದು ಎಂದೂ ಅವರು ಅದೇ ಸಂದೇಶದಲ್ಲಿ ಬರೆದಿದ್ದಾರೆ.

ಎರಡೂ ಹೆಚ್ಚುಕಡಿಮೆ ಒಂದೇ ಅರ್ಥದ ಮಾತುಗಳಲ್ಲವೇ, ಯಾರು ಆಡಿದರೇನು ಎಂದು ಯಾರಾದರೂ ಕೇಳಬಹುದು. ಆಡಿದವರು ಯಾರು, ಯಾರ ವಿರುದ್ಧ ಎಂಬುದರಲ್ಲೇ ವಿಷಯವಿದೆ. 1796ರಲ್ಲಿ ಅಮೆರಿಕಕ್ಕೆ ಇದ್ದದ್ದು ಒಂದೇ ಒಂದು ಶಾಶ್ವತ ಮೈತ್ರಿ, ಅದು ಫ್ರಾನ್ಸಿನೊಂದಿಗಿನದು. ಅದರ ಪರವಾಗಿ ನಿಂತವರು ಜೆಫರ್ಸನ್ ಅವರ ಬಳಗದವರು. ಅಧ್ಯಕ್ಷರ ಚುನಾವಣೆ ಹೊಸ್ತಿಲಲ್ಲಿದ್ದಾಗ ಪ್ರಕಟವಾದ ಸಂದೇಶದಲ್ಲಿ ಪರದೇಶವೊಂದರ ಮೇಲಿನ ಅತಿಮೋಹ ಎಷ್ಟು ಕೇಡು ತರುತ್ತದೆ ಎಂಬ ಪುಟಗಳನ್ನು ಓದಿದ ಫಿಲಡೆಲ್ಫಿಯಾದ ಓದುಗರಿಗೆ ಆ ದೇಶದ ಹೆಸರನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಮೊದಲ ಅವಧಿ ಮುಗಿಯುತ್ತಿದ್ದಂತೆ ನಿವೃತ್ತರಾಗಬೇಕೆಂದು 1792ರಲ್ಲಿ ವಾಷಿಂಗ್ಟನ್ ಯೋಚಿಸಿದಾಗ ವಿದಾಯದ ಕರಡನ್ನು ಬರೆದುಕೊಟ್ಟವರು ಜೇಮ್ಸ್ ಮ್ಯಾಡಿಸನ್. ನಾಲ್ಕು ವರ್ಷಗಳ ಬಳಿಕ ಆ ಹಳೆಯ ಕರಡನ್ನು ಹಿಗ್ಗಿಸಿ, ತಿದ್ದಿ, ಹೊಸದಾಗಿ ಬರೆದುಕೊಟ್ಟವರು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಅಷ್ಟರಲ್ಲಿ ಮ್ಯಾಡಿಸನ್ ಕಾಂಗ್ರೆಸ್ಸಿನಲ್ಲಿ ಸರ್ಕಾರದ ವಿರೋಧಿಗಳ ನಾಯಕರಾಗಿದ್ದರು. ಸಂವಿಧಾನದ ಪರವಾಗಿ 1787 ಮತ್ತು 1788ರಲ್ಲಿ ಜೊತೆಗೂಡಿ ಪ್ರಬಂಧಗಳನ್ನು ಬರೆದ ಈ ಇಬ್ಬರು ಮುಖ ತಿರುಗಿಸಿಕೊಂಡದ್ದು ಮೊದಲು ಸಾರ್ವಜನಿಕ ಸಾಲದ ಪ್ರಶ್ನೆಯಲ್ಲಿ ಎಂಬುದು ನಿಜ. ಆದರೆ ಆ ಮನಸ್ತಾಪ ರಾಜಧಾನಿಯ ಗೋಡೆಗಳನ್ನು ದಾಟಿ ಊರೂರಿನ ಜಗಳವಾದದ್ದು 1793ರ ನಂತರ, ಯುರೋಪಿನ ಯುದ್ಧದ ದೆಸೆಯಿಂದ.

ಆ ಯುದ್ಧ ಅಮೆರಿಕನ್ನರಿಗೆ ಯಾಕೆ ಅಷ್ಟು ಹತ್ತಿರದ್ದಾಯಿತು ಎಂಬುದನ್ನು ತಿಳಿಯಲು 1778ಕ್ಕೆ ಹೋಗಬೇಕು. ಆ ವರ್ಷದ ಫೆಬ್ರುವರಿ 6ರಂದು ಹದಿನಾರನೆಯ ಲೂಯಿಯ ಫ್ರಾನ್ಸ್, ಬ್ರಿಟನ್ನಿನ ವಿರುದ್ಧ ಬಂಡೆದ್ದಿದ್ದ ವಸಾಹತುಗಳ ಜೊತೆ ಎರಡು ಒಪ್ಪಂದಗಳಿಗೆ ಸಹಿ ಹಾಕಿತು. ಒಂದು ವ್ಯಾಪಾರದ್ದು, ಇನ್ನೊಂದು ಮೈತ್ರಿಯದು. 1781ರಲ್ಲಿ ಯಾರ್ಕ್‌ಟೌನಿನ ಬಳಿ ಸಮುದ್ರದ ದಾರಿಯನ್ನು ಫ್ರೆಂಚ್ ನೌಕಾಪಡೆ ಮುಚ್ಚದೇ ಹೋಗಿದ್ದರೆ ಅಲ್ಲಿ ಬ್ರಿಟಿಷ್ ಸೇನೆ ಶರಣಾಗುತ್ತಿರಲಿಲ್ಲ. ಆ ನೆರವಿಗೆ ಪ್ರತಿಯಾಗಿ ಅಮೆರಿಕ ಕೊಟ್ಟ ಮಾತುಗಳಲ್ಲಿ ಒಂದು, ಅಮೆರಿಕ ಖಂಡದಲ್ಲಿರುವ ಫ್ರೆಂಚ್ ನೆಲೆಗಳ ಸುರಕ್ಷತೆಗೆ ಎಂದೆಂದಿಗೂ ಹೊಣೆಯಾಗಿ ನಿಲ್ಲುತ್ತೇವೆ ಎಂಬುದು. 1793ರ ಜನವರಿ 21ರಂದು ಲೂಯಿಯ ತಲೆ ಉರುಳಿತು. ಫೆಬ್ರುವರಿ 1ರಂದು ಫ್ರೆಂಚ್ ಗಣರಾಜ್ಯ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು. ಕೆರಿಬಿಯನ್ನಿನ ಸಕ್ಕರೆ ದ್ವೀಪಗಳನ್ನು ಬ್ರಿಟಿಷರು ಮುತ್ತುವುದು ಖಚಿತವಾಗಿದ್ದಾಗ ಅಮೆರಿಕ ಕೊಟ್ಟ ಮಾತಿನ ಗತಿ ಏನು? ಒಪ್ಪಂದ ಸತ್ತ ರಾಜನೊಂದಿಗೋ, ಬದುಕಿರುವ ರಾಷ್ಟ್ರದೊಂದಿಗೋ? ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್, ಫ್ರಾನ್ಸಿನಲ್ಲಿ ನೆಲೆಯಾದ ಸರ್ಕಾರ ಬರುವವರೆಗೆ ಒಪ್ಪಂದವನ್ನು ಅಮಾನತಿನಲ್ಲಿಡಬೇಕು ಎಂದು ವಾದಿಸಿದರು. ವಿದೇಶಾಂಗ ಕಾರ್ಯದರ್ಶಿ ಜೆಫರ್ಸನ್, ಒಪ್ಪಂದಗಳು ರಾಷ್ಟ್ರ ರಾಷ್ಟ್ರಗಳ ನಡುವಿನವು, ಸರ್ಕಾರ ಬದಲಾದ ಮಾತ್ರಕ್ಕೆ ಅಳಿಯುವುದಿಲ್ಲ ಎಂದರು. ಕಾನೂನಿನ ದೃಷ್ಟಿಯಿಂದ ಜೆಫರ್ಸನ್ ಅವರ ಮಾತೇ ಗಟ್ಟಿ ಎಂದು ನನಗೆ ತೋರುತ್ತದೆ.

ಯುದ್ಧಕ್ಕೆ ಇಳಿಯಬಾರದು ಎಂಬಲ್ಲಿ ಮಾತ್ರ ಸಂಪುಟದಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ತಮ್ಮ ಲೇಖಕರು ಒಮ್ಮತ ಎಂದು ಕರೆದದ್ದು ಬಹುಶಃ ಇದನ್ನೇ, ಅಷ್ಟರ ಮಟ್ಟಿಗೆ ಅವರ ಮಾತು ಸರಿ. ಆದರೆ 1793ರ ಏಪ್ರಿಲ್ 22ರಂದು ವಾಷಿಂಗ್ಟನ್ ಹೊರಡಿಸಿದ ತಟಸ್ಥ ನೀತಿಯ ಘೋಷಣೆಯಲ್ಲಿ ತಟಸ್ಥ ಎಂಬ ಪದವೇ ಇಲ್ಲ. ಜೆಫರ್ಸನ್ ಅವರ ಆಕ್ಷೇಪದಿಂದಾಗಿ ಅದನ್ನು ಬಿಟ್ಟು, ನಿಷ್ಪಕ್ಷಪಾತದ ನಡತೆ ಎಂದು ಬರೆಯಲಾಯಿತು. ಒಂದು ಪದಕ್ಕೆ ಇಷ್ಟು ಜಗ್ಗಾಟ ನಡೆದ ಮೇಲೆ ಒಮ್ಮತ ಎಷ್ಟು ದಿನ ಬಾಳೀತು? ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದಾಗಿರುವಾಗ ಯುದ್ಧ ಇಲ್ಲವೆಂದು ಅಧ್ಯಕ್ಷರೊಬ್ಬರೇ ಸಾರಬಹುದೇ ಎಂಬ ಪ್ರಶ್ನೆ ಎದ್ದಿತು. ಹ್ಯಾಮಿಲ್ಟನ್ ಪ್ಯಾಸಿಫಿಕಸ್ ಎಂಬ ಹೆಸರಿನಲ್ಲಿ ಪತ್ರಿಕೆಗೆ ಬರೆದು ಅಧ್ಯಕ್ಷರ ಅಧಿಕಾರವನ್ನು ಸಮರ್ಥಿಸಿದರು. ಕೈಗೆ ಲೇಖನಿ ತೆಗೆದುಕೊಂಡು ಈತನನ್ನು ಜನರ ಎದುರಿಗೇ ಕತ್ತರಿಸಿ ಹಾಕಿ ಎಂಬರ್ಥದಲ್ಲಿ ಜೆಫರ್ಸನ್ ಜುಲೈನಲ್ಲಿ ಮ್ಯಾಡಿಸನ್ನರಿಗೆ ಬರೆದರು. ಮ್ಯಾಡಿಸನ್ ಹೆಲ್ವಿಡಿಯಸ್ ಎಂಬ ಹೆಸರಿನಲ್ಲಿ ಉತ್ತರಿಸಿದರು. ಒಂದೇ ಸಂಪುಟದಲ್ಲಿ ಕುಳಿತ ಒಬ್ಬ ಸದಸ್ಯರು ಇನ್ನೊಬ್ಬ ಸದಸ್ಯರ ಮೇಲೆ ಗೆಳೆಯರಿಂದ ಬರೆಸುವ ಸ್ಥಿತಿ ಅದು. ಸೈನ್ಯವನ್ನು ಹೊರದೇಶಕ್ಕೆ ಕಳಿಸುವ ಪ್ರಶ್ನೆ ಬಂದಾಗಲೆಲ್ಲ ಅಮೆರಿಕದಲ್ಲಿ ಈ ಎರಡು ವಾದಗಳು ಇಂದಿಗೂ ಎದ್ದು ಬರುತ್ತವೆ.

ಅದೇ ಏಪ್ರಿಲ್‌ನಲ್ಲಿ ಫ್ರೆಂಚ್ ಗಣರಾಜ್ಯದ ರಾಯಭಾರಿ ಎಡ್ಮಂಡ್ ಶಾರ್ಲ್ ಜೆನೆ ಚಾರ್ಲ್ಸ್‌ಟನ್ ಬಂದರಿನಲ್ಲಿ ಇಳಿದರು. ರಾಜಧಾನಿಗೆ ಬಂದು ಅಧ್ಯಕ್ಷರನ್ನು ಕಾಣುವ ಮೊದಲೇ ಬ್ರಿಟಿಷ್ ಹಡಗುಗಳನ್ನು ಹಿಡಿಯಲು ಅಮೆರಿಕದ ಖಾಸಗಿ ಹಡಗುಗಳಿಗೆ ಪರವಾನಗಿ ಹಂಚಿದರು. ದಾರಿಯುದ್ದಕ್ಕೂ ಜನ ಅವರನ್ನು ಸಂಭ್ರಮದಿಂದ ಬರಮಾಡಿಕೊಂಡರು. ಆ ಸಂಭ್ರಮವನ್ನು ಕಂಡು ಅಧ್ಯಕ್ಷರನ್ನು ಬದಿಗೊತ್ತಿ ನೇರವಾಗಿ ಜನರ ಬಳಿಗೇ ಹೋಗಬಹುದೆಂದು ಜೆನೆ ಭ್ರಮಿಸಿದರು. ಕೊನೆಗೆ ಜೆಫರ್ಸನ್ ಕೂಡ ಅವರನ್ನು ವಾಪಸು ಕರೆಸಿಕೊಳ್ಳುವಂತೆ ಫ್ರಾನ್ಸಿಗೆ ಬರೆಯಬೇಕಾಯಿತು. ಅಷ್ಟರಲ್ಲಿ ಪ್ಯಾರಿಸಿನಲ್ಲಿ ಅಧಿಕಾರ ಕೈಬದಲಾಗಿ, ಮರಳಿದರೆ ತಲೆ ಉಳಿಯದೆಂಬ ಸ್ಥಿತಿ ಬಂದಾಗ, ಅದೇ ವಾಷಿಂಗ್ಟನ್ ಜೆನೆಗೆ ಆಶ್ರಯ ಕೊಟ್ಟರು. ಜೆನೆ ನ್ಯೂಯಾರ್ಕಿನ ಗವರ್ನರ್ ಮಗಳನ್ನು ಮದುವೆಯಾಗಿ ಅಲ್ಲೇ ನೆಲೆಸಿ 1834ರಲ್ಲಿ ತೀರಿಕೊಂಡರು.

ಬ್ರಿಟನ್ನಿನ ಕಡೆ ವಾಲಿದವರನ್ನೆಲ್ಲ ರಾಜಸತ್ತೆಯ ಆರಾಧಕರೆಂದೂ ಫ್ರಾನ್ಸಿನ ಕಡೆ ವಾಲಿದವರನ್ನೆಲ್ಲ ಅರಾಜಕರೆಂದೂ ಆ ಕಾಲದ ಪತ್ರಿಕೆಗಳು ಬೈದಾಡಿದವು. ಆ ಬೈಗುಳಗಳ ಅಡಿಯಲ್ಲಿ ಗಟ್ಟಿಯಾದ ಹಿತಾಸಕ್ತಿಗಳಿದ್ದವು. ಹ್ಯಾಮಿಲ್ಟನ್ನರ ಸಾಲ ತೀರಿಸುವ ಯೋಜನೆ ನಿಂತಿದ್ದುದು ಆಮದು ಸುಂಕದ ಮೇಲೆ. ಆಮದಿನ ಬಹುಪಾಲು ಬ್ರಿಟನ್ನಿನಿಂದ ಬರುತ್ತಿತ್ತು. ಬ್ರಿಟನ್ನಿನೊಂದಿಗೆ ವ್ಯಾಪಾರ ನಿಂತರೆ ಖಜಾನೆ ಬರಿದು, ಖಜಾನೆ ಬರಿದಾದರೆ ಹೊಸ ಸರ್ಕಾರದ ಸಾಲದ ಪತ್ರಗಳಿಗೆ ಬೆಲೆಯಿಲ್ಲ. ಅತ್ತ ವರ್ಜೀನಿಯಾದ ತಂಬಾಕು ಬೆಳೆಗಾರರು ಸ್ವಾತಂತ್ರ್ಯ ಯುದ್ಧಕ್ಕೆ ಮೊದಲೇ ಬ್ರಿಟಿಷ್ ವರ್ತಕರಿಗೆ ಸಾಲಗಾರರಾಗಿದ್ದರು. ಬ್ರಿಟನ್ನಿನ ವ್ಯಾಪಾರದ ಹಿಡಿತದಿಂದ ಬಿಡಿಸಿಕೊಳ್ಳದೆ ಸ್ವಾತಂತ್ರ್ಯ ಪೂರ್ತಿಯಾಗದು ಎಂದು ಮ್ಯಾಡಿಸನ್ ಮನಸಾರೆ ನಂಬಿದ್ದರು. 1794ರ ಜನವರಿಯಲ್ಲಿ ಬ್ರಿಟಿಷ್ ಸರಕು ಮತ್ತು ಹಡಗುಗಳ ಮೇಲೆ ಹೆಚ್ಚಿನ ಸುಂಕ ಹೇರುವ ನಿರ್ಣಯಗಳನ್ನೂ ಮಂಡಿಸಿದರು. ಆದರೂ ಎಲ್ಲವನ್ನೂ ಹಣದ ಲೆಕ್ಕಕ್ಕೆ ಇಳಿಸಿದರೆ ನ್ಯಾಯವಾಗದು. ಹಡಗಿನ ಮಾಲೀಕರಷ್ಟೇ ಅಲ್ಲದೆ ಚಿಕ್ಕ ಕುಶಲಕರ್ಮಿಗಳೂ ಟೋಪಿಗೆ ಫ್ರೆಂಚ್ ಕ್ರಾಂತಿಯ ಮೂರು ಬಣ್ಣದ ಪಟ್ಟಿ ಸಿಕ್ಕಿಸಿಕೊಂಡು ಬೀದಿಗೆ ಬಂದದ್ದು, ತಮ್ಮ ಕ್ರಾಂತಿಯ ಭವಿಷ್ಯ ಪ್ಯಾರಿಸಿನಲ್ಲಿ ತೀರ್ಮಾನವಾಗುತ್ತಿದೆ ಎಂಬ ನಿಜವಾದ ನಂಬಿಕೆಯಿಂದ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ತಮ್ಮ ಲೇಖನ ಒಂದೇ ಸಾಲಿನಲ್ಲಿ ದಾಟಿ ಹೋದ, ಬ್ರಿಟನ್ನಿನೊಂದಿಗಿನ ಜೇ ಒಪ್ಪಂದವೇ ನನ್ನ ತಿಳಿವಿಗೆ ಅಮೆರಿಕದ ಪಕ್ಷಪದ್ಧತಿಯ ನಿಜವಾದ ಜನ್ಮಸ್ಥಾನ. 1783ರ ಶಾಂತಿ ಒಪ್ಪಂದದಲ್ಲಿ ಬಿಟ್ಟುಕೊಡುವುದಾಗಿ ಹೇಳಿದ್ದ ಡೆಟ್ರಾಯಿಟ್, ನಯಾಗರಾ ಮುಂತಾದ ಕೋಟೆಗಳನ್ನು ಬ್ರಿಟಿಷರು ಹತ್ತು ವರ್ಷ ಕಳೆದರೂ ಬಿಟ್ಟಿರಲಿಲ್ಲ. ಅಮೆರಿಕನ್ನರು ಹಳೆಯ ಸಾಲ ತೀರಿಸಿಲ್ಲ ಎಂಬುದು ಅವರ ನೆಪ. ಅದರ ಮೇಲೆ 1793ರ ನವೆಂಬರಿನ ರಹಸ್ಯ ಆದೇಶದ ಪ್ರಕಾರ, ಫ್ರೆಂಚ್ ದ್ವೀಪಗಳೊಂದಿಗೆ ವ್ಯಾಪಾರ ಮಾಡುತ್ತಿದ್ದ ಸುಮಾರು 250 ಅಮೆರಿಕನ್ ಹಡಗುಗಳನ್ನು ಅವರ ನೌಕಾಪಡೆ ಹಿಡಿಯಿತು. ಯುದ್ಧ ಬಾಗಿಲಿಗೆ ಬಂದಿತ್ತು. ವಾಷಿಂಗ್ಟನ್ ಅದನ್ನು ತಪ್ಪಿಸಲು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಜೇ ಅವರನ್ನೇ ಲಂಡನ್ನಿಗೆ ಕಳಿಸಿದರು. 1794ರ ನವೆಂಬರ್ 19ರಂದು ಸಹಿಯಾದ ಒಪ್ಪಂದದಲ್ಲಿ 1796ರ ಜೂನ್ ಹೊತ್ತಿಗೆ ಕೋಟೆಗಳನ್ನು ತೆರವು ಮಾಡಲು ಬ್ರಿಟನ್ ಒಪ್ಪಿತು. ಸಾಲ, ಹಿಡಿದ ಹಡಗುಗಳ ಪರಿಹಾರ, ಈಶಾನ್ಯದ ಗಡಿ, ಈ ಮೂರು ತಂಟೆಗಳನ್ನು ಪಂಚಾಯಿತಿಗೆ ಒಪ್ಪಿಸಲಾಯಿತು. ಇದಕ್ಕೆ ಪ್ರತಿಯಾಗಿ ಬ್ರಿಟಿಷ್ ಸರಕಿನ ಮೇಲೆ ಭೇದದ ಸುಂಕ ಹಾಕುವ ಹಕ್ಕನ್ನು, ಅಂದರೆ ಮ್ಯಾಡಿಸನ್ ನೆಚ್ಚಿಕೊಂಡಿದ್ದ ಏಕೈಕ ಆಯುಧವನ್ನು, ಅಮೆರಿಕ ಹನ್ನೆರಡು ವರ್ಷಗಳ ಮಟ್ಟಿಗೆ ಕೈಬಿಟ್ಟಿತು. ಅಮೆರಿಕನ್ ಹಡಗುಗಳಿಂದ ನಾವಿಕರನ್ನು ಬಲವಂತವಾಗಿ ಎಳೆದೊಯ್ದು ಬ್ರಿಟಿಷ್ ಯುದ್ಧನೌಕೆಗಳಲ್ಲಿ ದುಡಿಸುವ ಪದ್ಧತಿಯ ಬಗ್ಗೆ ಒಪ್ಪಂದದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಕೆರಿಬಿಯನ್ನಿನ ಬ್ರಿಟಿಷ್ ದ್ವೀಪಗಳಿಗೆ 70 ಟನ್ನಿಗಿಂತ ದೊಡ್ಡ ಹಡಗು ಹೋಗುವಂತಿಲ್ಲ ಎಂಬ ಹನ್ನೆರಡನೆಯ ವಿಧಿಯನ್ನು ಒಪ್ಪಂದದ ಬೆಂಬಲಿಗರೇ ನುಂಗಲಾರದಾದರು.

ಸೆನೆಟ್ ಬಾಗಿಲು ಮುಚ್ಚಿಕೊಂಡು ಚರ್ಚಿಸಿ, ಹನ್ನೆರಡನೆಯ ವಿಧಿಯನ್ನು ಬದಿಗಿಟ್ಟು, 1795ರ ಜೂನ್ 24ರಂದು 20ಕ್ಕೆ 10 ಮತಗಳಿಂದ ಅನುಮೋದಿಸಿತು. ಬೇಕಾಗಿದ್ದುದು ಮೂರನೇ ಎರಡು ಭಾಗ, ಸಿಕ್ಕಿದ್ದೂ ಸರಿಯಾಗಿ ಅಷ್ಟೇ. ಒಂದು ಮತ ಆಚೆ ಸರಿದಿದ್ದರೆ ಒಪ್ಪಂದ ಬಿದ್ದುಹೋಗುತ್ತಿತ್ತು. ವರ್ಜೀನಿಯಾದ ಸೆನೆಟರ್ ಒಬ್ಬರು ಒಪ್ಪಂದದ ಪ್ರತಿಯನ್ನು ಹೊರಗೆ ಬಿಟ್ಟರು. ಫಿಲಡೆಲ್ಫಿಯಾದ ಅರೋರಾ ಪತ್ರಿಕೆಯ ಸಂಪಾದಕ, ಬೆಂಜಮಿನ್ ಫ್ರಾಂಕ್ಲಿನ್ನರ ಮೊಮ್ಮಗ ಬೇಚ್, ಅದನ್ನು ಅಚ್ಚು ಮಾಡಿ ಊರೂರಿಗೆ ಹಂಚಿಸಿದರು. ಆ ಬೇಸಿಗೆಯಲ್ಲಿ ಜೇ ಅವರ ಪ್ರತಿಕೃತಿಯನ್ನು ಸುಡದ ಬಂದರು ಪಟ್ಟಣ ಸಿಗುವುದು ಕಷ್ಟ. ನ್ಯೂಯಾರ್ಕಿನಲ್ಲಿ ಒಪ್ಪಂದವನ್ನು ಸಮರ್ಥಿಸಲು ನಿಂತ ಹ್ಯಾಮಿಲ್ಟನ್ನರ ಮೇಲೆ ಜನ ಕಲ್ಲು ತೂರಿದರು. ಅವರು ಮನೆಗೆ ಹೋಗಿ ಕ್ಯಾಮಿಲಸ್ ಎಂಬ ಹೊಸ ಹೆಸರಿನಲ್ಲಿ ಸಮರ್ಥನೆಯ ಲೇಖನಮಾಲೆಯನ್ನು ಆರಂಭಿಸಿದರು. ಆಗಸ್ಟ್‌ನಲ್ಲಿ ವಾಷಿಂಗ್ಟನ್ ಸಹಿ ಹಾಕಿದಾಗ, ಅಲ್ಲಿಯವರೆಗೆ ಕೆಲವರಷ್ಟೇ ಬಹಿರಂಗವಾಗಿ ನಿಂದಿಸುತ್ತಿದ್ದ ಆ ಹೆಸರಿನ ಮೇಲೆಯೇ ಬೈಗುಳದ ಮಳೆ ಸುರಿಯಿತು.

ಸೆನೆಟ್ ಅನುಮೋದಿಸಿದ ಮೇಲೆ ವಿಷಯ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಪಂಚಾಯಿತಿ ಮಂಡಳಿಗಳಿಗೆ ಹಣ ಬೇಕು, ಹಣವನ್ನು ಮಂಜೂರು ಮಾಡಬೇಕಾದ್ದು ಪ್ರತಿನಿಧಿ ಸಭೆ. ಅಲ್ಲಿ ಬಹುಮತ ವಿರೋಧಿಗಳದು. ಸಂಧಾನದ ಕಾಗದಪತ್ರಗಳನ್ನು ತೋರಿಸಿ ಎಂದು ಸಭೆ 1796ರ ಮಾರ್ಚ್ 24ರಂದು 62ಕ್ಕೆ 37 ಮತಗಳಿಂದ ಅಧ್ಯಕ್ಷರನ್ನು ಕೇಳಿತು. ಒಪ್ಪಂದ ಮಾಡುವ ಅಧಿಕಾರ ಅಧ್ಯಕ್ಷ ಮತ್ತು ಸೆನೆಟ್‌ಗೆ ಸೇರಿದ್ದು, ಅದರಲ್ಲಿ ಪ್ರತಿನಿಧಿ ಸಭೆಗೆ ಪಾಲಿಲ್ಲ ಎಂದು ವಾಷಿಂಗ್ಟನ್ ನಿರಾಕರಿಸಿದರು. ತಾವೇ ಅಧ್ಯಕ್ಷತೆ ವಹಿಸಿದ್ದ 1787ರ ಸಂವಿಧಾನ ಸಭೆಯ ದಾಖಲೆಗಳನ್ನೂ ಆಧಾರವಾಗಿ ಮುಂದಿಟ್ಟರು. ಅದೇ ಸಭೆಯಲ್ಲಿ ಕುಳಿತು ದಿನದಿನದ ಟಿಪ್ಪಣಿ ಬರೆದುಕೊಂಡಿದ್ದ ಮ್ಯಾಡಿಸನ್ ಈಗ ಎದುರು ಪಾಳಯದಲ್ಲಿದ್ದರು ಎಂಬುದನ್ನು ನೆನೆದರೆ ಆ ಕ್ಷಣದ ಕಾವು ಅರ್ಥವಾಗುತ್ತದೆ. ಜೆಫರ್ಸನ್, ಮ್ಯಾಡಿಸನ್ನರ ಬಳಗದ ರಿಪಬ್ಲಿಕನ್ ಸದಸ್ಯರು ಪ್ರತ್ಯೇಕವಾಗಿ ಸೇರಿ ತಮ್ಮ ನಡೆಯನ್ನು ನಿರ್ಧರಿಸಿದರು. ಈ ಹೆಸರಿಗೂ ಇಂದಿನ ರಿಪಬ್ಲಿಕನ್ ಪಕ್ಷಕ್ಕೂ ಸಂಬಂಧವಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಹ್ಯಾಮಿಲ್ಟನ್ನರ ಬಳಗದ ಫೆಡರಲಿಸ್ಟರು ವರ್ತಕರಿಂದ, ವಿಮೆಗಾರರಿಂದ, ಪಶ್ಚಿಮದ ರೈತರಿಂದ ಮನವಿಗಳ ರಾಶಿ ತರಿಸಿದರು. ಏಪ್ರಿಲ್ 30ರಂದು 51ಕ್ಕೆ 48 ಮತಗಳಿಂದ ಒಪ್ಪಂದ ಉಳಿಯಿತು. ಪಕ್ಷ ಎಂಬ ಪದವನ್ನೇ ರೋಗದ ಹೆಸರಿನಂತೆ ಕಾಣುತ್ತಿದ್ದ ಜನ ಒಂದೇ ವರ್ಷದೊಳಗೆ ಸಭೆ, ಮನವಿ, ಪತ್ರಿಕೆ, ಮತಗಳ ಎಣಿಕೆ, ಈ ಎಲ್ಲ ಪಕ್ಷದ ಕೆಲಸಗಳನ್ನೂ ಕಲಿತದ್ದು ಈ ಒಂದು ವಿದೇಶಾಂಗ ಪ್ರಶ್ನೆಯ ಮೇಲೆ.

ಆ ವರ್ಷದ ಕೊನೆಯಲ್ಲಿ ನಡೆದ ಅಧ್ಯಕ್ಷರ ಚುನಾವಣೆಯಲ್ಲಿ ಫ್ರೆಂಚ್ ರಾಯಭಾರಿ ಪಿಯೆರ್ ಅದೆ ಎಂಬವರು ತಮ್ಮ ಸರ್ಕಾರದ ಕೋಪವನ್ನು ಅರೋರಾ ಪತ್ರಿಕೆಯ ಮೂಲಕ ಪ್ರಕಟಿಸಿ ಜೆಫರ್ಸನ್ನರಿಗೆ ನೆರವಾಗಲು ನೋಡಿದರು. ಫೆಡರಲಿಸ್ಟರ ಅಭ್ಯರ್ಥಿ ಜಾನ್ ಆಡಮ್ಸ್, ರಾಜ್ಯಗಳು ಆರಿಸಿದ ಚುನಾಯಕರ 71ಕ್ಕೆ 68 ಮತಗಳಿಂದ ಗೆದ್ದರು. ಅಂದಿನ ನಿಯಮದಂತೆ ಎರಡನೆಯ ಸ್ಥಾನ ಪಡೆದ ಎದುರಾಳಿ ಜೆಫರ್ಸನ್ನರೇ ಉಪಾಧ್ಯಕ್ಷರಾದರು. ಜೇ ಒಪ್ಪಂದದಿಂದ ಕೆರಳಿದ ಫ್ರಾನ್ಸ್ ಅಮೆರಿಕನ್ ಹಡಗುಗಳನ್ನು ನೂರಾರು ಸಂಖ್ಯೆಯಲ್ಲಿ ಹಿಡಿಯತೊಡಗಿತು. ಸಂಧಾನಕ್ಕೆ ಪ್ಯಾರಿಸಿಗೆ ಹೋದ ಮೂವರು ಪ್ರತಿನಿಧಿಗಳಿಂದ ವಿದೇಶಾಂಗ ಮಂತ್ರಿ ಟ್ಯಾಲಿರಾಂಡರ ದಲ್ಲಾಳಿಗಳು ಮಾತುಕತೆಗೆ ಮೊದಲೇ 50,000 ಪೌಂಡು ಲಂಚ ಮತ್ತು ಭಾರಿ ಸಾಲ ಕೇಳಿದರು. ಆಡಮ್ಸ್ ಏನನ್ನೋ ಬಚ್ಚಿಡುತ್ತಿದ್ದಾರೆ ಎಂದು ಶಂಕಿಸಿದ ರಿಪಬ್ಲಿಕನ್ನರು ಆ ಪ್ರತಿನಿಧಿಗಳು ಬರೆದ ಪತ್ರಗಳನ್ನು ಬಹಿರಂಗಪಡಿಸಿ ಎಂದು ಹಟ ಹಿಡಿದರು. 1798ರ ಏಪ್ರಿಲ್‌ನಲ್ಲಿ ಆಡಮ್ಸ್, ದಲ್ಲಾಳಿಗಳ ಹೆಸರಿನ ಜಾಗದಲ್ಲಿ ಎಕ್ಸ್, ವೈ, ಝಡ್ ಎಂಬ ಅಕ್ಷರಗಳನ್ನಿಟ್ಟು, ಬಹಿರಂಗಪಡಿಸಿಯೇಬಿಟ್ಟರು. ರಿಪಬ್ಲಿಕನ್ನರಿಗೆ ಬಾಯಿ ಬಿಡಲು ಜಾಗವಿಲ್ಲದಂತಾಯಿತು. ನೌಕಾ ಇಲಾಖೆ ಹುಟ್ಟಿತು, 1778ರ ಒಪ್ಪಂದಗಳನ್ನು ಕಾಂಗ್ರೆಸ್ ರದ್ದು ಮಾಡಿತು, ಯಾರೂ ಯುದ್ಧ ಸಾರದೆಯೇ ಸಮುದ್ರದಲ್ಲಿ ಯುದ್ಧ ನಡೆಯಿತು.

ಹೊರಗಿನ ಭಯವನ್ನು ಒಳಗಿನ ಎದುರಾಳಿಯ ಮೇಲೆ ತಿರುಗಿಸುವ ಕೆಲಸ ಆ ಬೇಸಿಗೆಯಲ್ಲೇ ಆಯಿತು. ಈ ಭಾಗವನ್ನು ಬರೆಯುವಾಗ ಇಂದಿಗೂ ನನಗೆ ನೋವಾಗುತ್ತದೆ. ವಲಸಿಗರು ಪೌರತ್ವಕ್ಕೆ ಕಾಯಬೇಕಾದ ಅವಧಿಯನ್ನು 5 ವರ್ಷದಿಂದ 14 ವರ್ಷಕ್ಕೆ ಏರಿಸಲಾಯಿತು. ಅಪಾಯಕಾರಿ ಎನಿಸಿದ ಪರದೇಶಿಯನ್ನು ವಿಚಾರಣೆಯಿಲ್ಲದೆ ಹೊರಗಟ್ಟುವ ಅಧಿಕಾರ ಅಧ್ಯಕ್ಷರಿಗೆ ಸಿಕ್ಕಿತು. ಜುಲೈ 14ರಂದು ಬಂದ ರಾಜದ್ರೋಹದ ಕಾನೂನು ಸರ್ಕಾರ, ಕಾಂಗ್ರೆಸ್ ಮತ್ತು ಅಧ್ಯಕ್ಷರ ವಿರುದ್ಧ ಸುಳ್ಳು, ದುರುದ್ದೇಶದ ಬರಹವನ್ನು ಅಪರಾಧವೆಂದಿತು. ಶಿಕ್ಷೆ 2,000 ಡಾಲರಿನವರೆಗೆ ದಂಡ ಮತ್ತು ಎರಡು ವರ್ಷದವರೆಗೆ ಸೆರೆ. ಬರೆದದ್ದು ಸತ್ಯವೆಂದು ಸಾಧಿಸಿದರೆ ಬಿಡುಗಡೆ ಎಂಬ ಅವಕಾಶ ಅದರಲ್ಲಿತ್ತು, ಅಂದಿನ ಇಂಗ್ಲಿಷ್ ಕಾನೂನಿಗಿಂತ ಇದು ಮೇಲು ಎಂದು ಫೆಡರಲಿಸ್ಟರು ಹೇಳಿಕೊಂಡದ್ದರಲ್ಲಿ ಸುಳ್ಳಿಲ್ಲ. ಆದರೆ ರಕ್ಷಣೆ ಪಡೆದ ಹುದ್ದೆಗಳ ಪಟ್ಟಿಯಲ್ಲಿ ಉಪಾಧ್ಯಕ್ಷರ ಹುದ್ದೆ ಇರಲಿಲ್ಲ, ಅಂದರೆ ಜೆಫರ್ಸನ್ನರನ್ನು ಯಾರು ಹೇಗೆ ಬೇಕಾದರೂ ನಿಂದಿಸಬಹುದಿತ್ತು. ಕಾನೂನಿನ ಆಯುಷ್ಯ 1801ರ ಮಾರ್ಚ್ 3ಕ್ಕೆ, ಮುಂದಿನ ಅಧ್ಯಕ್ಷರು ಅಧಿಕಾರ ಹಿಡಿಯುವ ಹಿಂದಿನ ದಿನಕ್ಕೆ, ಮುಗಿಯುವಂತೆ ಬರೆದಿದ್ದರು. ಇವೆರಡನ್ನು ಒಟ್ಟಿಗಿಟ್ಟು ನೋಡಿದರೆ ಉದ್ದೇಶದ ಬಗ್ಗೆ ಸಂಶಯ ಉಳಿಯುವುದಿಲ್ಲ. ವರ್ಮಾಂಟಿನ ಪ್ರತಿನಿಧಿ ಮ್ಯಾಥ್ಯೂ ಲಯನ್ ಅಧ್ಯಕ್ಷರ ಆಡಂಬರವನ್ನು ಟೀಕಿಸಿ ಬರೆದದ್ದಕ್ಕೆ ನಾಲ್ಕು ತಿಂಗಳು ಸೆರೆ, 1,000 ಡಾಲರ್ ದಂಡ ಅನುಭವಿಸಿದರು. ಅವರ ಕ್ಷೇತ್ರದ ಜನ ಅವರನ್ನು ಜೈಲಿನಲ್ಲಿದ್ದಾಗಲೇ ಮತ್ತೆ ಆರಿಸಿದರು. ಬೇಚ್ ವಿಚಾರಣೆಗೆ ಮೊದಲೇ ಹಳದಿ ಜ್ವರದಿಂದ ತೀರಿಹೋದರು. ಜೆಫರ್ಸನ್ ಮತ್ತು ಮ್ಯಾಡಿಸನ್ ತಮ್ಮ ಹೆಸರು ಹೊರಬೀಳದಂತೆ ಕೆಂಟಕಿ ಮತ್ತು ವರ್ಜೀನಿಯಾ ಶಾಸನಸಭೆಗಳಿಗೆ ಪ್ರತಿಭಟನೆಯ ನಿರ್ಣಯಗಳನ್ನು ಬರೆದುಕೊಟ್ಟರು. ಸಂವಿಧಾನವನ್ನು ಮೀರಿದ ಕಾನೂನನ್ನು ರಾಜ್ಯಗಳು ಮಾನ್ಯ ಮಾಡಬೇಕಿಲ್ಲ ಎಂಬ ಆ ವಾದ ಮುಂದೆ ಒಕ್ಕೂಟಕ್ಕೆ ಎಂಥ ಗಂಡಾಂತರ ತಂದಿತು ಎಂಬುದು ಬೇರೆಯೇ ಕಥೆ.

ಜಾನ್ ಆಡಮ್ಸ್ ಅವರಿಗೆ ತಮ್ಮ ಲೇಖನದಲ್ಲಿ ಸಿಕ್ಕಿರುವುದು ಅರ್ಧ ವಾಕ್ಯ. ಆ ಕಾನೂನುಗಳಿಗೆ ಸಹಿ ಹಾಕಿದ ಹೊಣೆ ಅವರದೇ, ಅದನ್ನು ಮರೆಸುವುದು ನನ್ನ ಉದ್ದೇಶವಲ್ಲ. ಆದರೆ 1799ರ ಫೆಬ್ರುವರಿ 18ರಂದು ಅವರು ಮಾಡಿದ್ದನ್ನೂ ನೆನೆಯಬೇಕು. ಗೌರವದಿಂದ ಮಾತುಕತೆಗೆ ಸಿದ್ಧ ಎಂಬ ಸುಳಿವು ಪ್ಯಾರಿಸಿನಿಂದ ಬಂದಾಗ, ಅವರು ತಮ್ಮ ಸಂಪುಟವನ್ನು ಕೇಳದೆ ಹೊಸ ರಾಯಭಾರಿಯ ಹೆಸರನ್ನು ಸೆನೆಟ್ಟಿಗೆ ಕಳಿಸಿದರು. ಹ್ಯಾಮಿಲ್ಟನ್ ಆಗ ಹೊಸ ಸೇನೆಯನ್ನು ಕಟ್ಟುತ್ತಿದ್ದರು. ಯುದ್ಧದ ಬಿಸಿ ಆರದಿದ್ದರೆ ಮುಂದಿನ ಚುನಾವಣೆ ತಮ್ಮದೇ ಎಂದು ಫೆಡರಲಿಸ್ಟರಲ್ಲಿ ಅನೇಕರು ಎಣಿಸಿದ್ದರು. ಸ್ವಪಕ್ಷದವರೇ ಆಡಮ್ಸ್ ಅವರ ಮೇಲೆ ತಿರುಗಿಬಿದ್ದರು. ಒಬ್ಬರ ಬದಲು ಮೂವರ ನಿಯೋಗ ಹೋಗಲಿ ಎಂಬ ರಾಜಿಗೆ ಅವರು ಒಪ್ಪಿದರು, ಶಾಂತಿಯ ಪ್ರಯತ್ನವನ್ನು ಬಿಡಲಿಲ್ಲ. 1800ರ ಮೇ ತಿಂಗಳಲ್ಲಿ ಹ್ಯಾಮಿಲ್ಟನ್ನರ ಮಾತಿನಂತೆ ನಡೆಯುತ್ತಿದ್ದ ಇಬ್ಬರು ಕಾರ್ಯದರ್ಶಿಗಳನ್ನು, ಪಿಕರಿಂಗ್ ಮತ್ತು ಮೆಕ್‌ಹೆನ್ರಿ ಅವರನ್ನು, ಹೊರಗೆ ಹಾಕಿದರು. ಹ್ಯಾಮಿಲ್ಟನ್ ಚುನಾವಣೆಯ ಹೊತ್ತಿನಲ್ಲೇ ಆಡಮ್ಸ್ ವಿರುದ್ಧ ದೀರ್ಘ ಕಿರುಹೊತ್ತಗೆ ಬರೆದರು. ಸೆಪ್ಟೆಂಬರ್ 30ರಂದು ಫ್ರಾನ್ಸಿನೊಂದಿಗೆ ಒಪ್ಪಂದವಾಯಿತು, ಆದರೆ ಚುನಾವಣೆಗೆ ಉಪಯೋಗವಾಗುವಷ್ಟು ಬೇಗ ಆ ಸುದ್ದಿ ಸಾಗರ ದಾಟಲಿಲ್ಲ. ಆಡಮ್ಸ್ 65 ಮತ ಪಡೆದು ಸೋತರು. ಜೆಫರ್ಸನ್ ಮತ್ತು ಅವರದೇ ಪಕ್ಷದ ಏರನ್ ಬರ್ ತಲಾ 73 ಪಡೆದಿದ್ದರಿಂದ ಪ್ರತಿನಿಧಿ ಸಭೆ 36 ಸುತ್ತು ಮತ ಹಾಕಿ ಜೆಫರ್ಸನ್ನರನ್ನು ಆರಿಸಿತು. ಫ್ರಾನ್ಸಿನೊಂದಿಗಿನ ಶಾಂತಿಯ ಹೊಣೆ ಹೊತ್ತವನು ಇಲ್ಲಿ ಮಲಗಿದ್ದಾನೆ ಎಂಬ ಸಾಲೊಂದು ತಮ್ಮ ಸಮಾಧಿಯ ಮೇಲಿದ್ದರೆ ಸಾಕು ಎಂದು ಆಡಮ್ಸ್ 1815ರಲ್ಲಿ ಪತ್ರವೊಂದರಲ್ಲಿ ಬರೆದರು.

ಎರಡೂ ಕಡೆಯವರು ಒಪ್ಪಿದ ಈ ಒಪ್ಪಂದವೇ 1778ರ ಮೈತ್ರಿಯ ನಿಜವಾದ ಅಂತ್ಯ. ಹಿಡಿದ ಹಡಗುಗಳ ಪರಿಹಾರವನ್ನು ಅಮೆರಿಕ ಬಿಟ್ಟಿತು, ಹಳೆಯ ಮೈತ್ರಿಯ ಹಕ್ಕನ್ನು ಫ್ರಾನ್ಸ್ ಬಿಟ್ಟಿತು. ಸೆನೆಟ್ ಇದಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟ ಒಂದು ತಿಂಗಳ ಮೇಲೆ ಜೆಫರ್ಸನ್ ತೊಡಕಿನ ಮೈತ್ರಿ ಬೇಡ ಎಂದು ಭಾಷಣ ಮಾಡಿದರು. ಆ ಮಾತನ್ನು ಅವರು ಅಷ್ಟು ನಿರಾಳವಾಗಿ ಆಡಲು ಸಾಧ್ಯವಾದದ್ದು, ಅವರು ಸೋಲಿಸಿದ ಮನುಷ್ಯ ಆ ತೊಡಕನ್ನು ಬಿಡಿಸಿಟ್ಟು ಹೋಗಿದ್ದರಿಂದ. ವಾಷಿಂಗ್ಟನ್ ಹೇಳಿದರು ಎಂದು ಬರೆದುಬಿಟ್ಟರೆ ಈ ಇಡೀ ಸರಪಳಿಯೇ ಕಾಣದಾಗುತ್ತದೆ.

ಇಷ್ಟೆಲ್ಲ ವಾಗ್ವಾದದಲ್ಲಿ ದನಿಯೇ ಇಲ್ಲದವರ ಬಗ್ಗೆ ಒಂದು ಮಾತು ಸೇರಿಸದಿದ್ದರೆ ನನ್ನ ಪತ್ರವೂ ಅಪೂರ್ಣ. ಬ್ರಿಟಿಷರು ಕೋಟೆಗಳನ್ನು ಬಿಟ್ಟುಹೋದಾಗ ಒಹಾಯೊ ಪ್ರದೇಶದ ಮೂಲನಿವಾಸಿ ಜನಾಂಗಗಳಿಗೆ ಇದ್ದ ಒಂದೇ ಆಸರೆ ತಪ್ಪಿತು. ಅಮೆರಿಕದ ಸೇನೆಯ ಎದುರು 1794ರಲ್ಲಿ ಆದ ಸೋಲಿನ ನಂತರ 1795ರಲ್ಲಿ ಗ್ರೀನ್‌ವಿಲ್‌ನಲ್ಲಿ ಅವರು ತಮ್ಮ ನೆಲದ ದೊಡ್ಡ ಭಾಗಕ್ಕೆ ಸಹಿ ಹಾಕಿಕೊಡಬೇಕಾಯಿತು. ಹೈಟಿಯ ಕಥೆಯೂ ಇದೇ. ಗುಲಾಮಗಿರಿಯ ವಿರುದ್ಧ ಎದ್ದ ಟೂಸಾಂ ಲೂವೆರ್ತ್ಯೂರ್ ಅವರೊಡನೆ ಆಡಮ್ಸ್ ಸರ್ಕಾರ ವ್ಯಾಪಾರ ನಡೆಸಿತು. ಮನುಷ್ಯರ ಸಮಾನತೆಯನ್ನು ಬರೆದ ಜೆಫರ್ಸನ್ನರ ಕಾಲದಲ್ಲಿ, 1806ರಲ್ಲಿ, ಅದೇ ವ್ಯಾಪಾರಕ್ಕೆ ನಿಷೇಧ ಬಂತು. ಹೈಟಿಗೆ ಅಮೆರಿಕದ ಮಾನ್ಯತೆ ಸಿಕ್ಕಿದ್ದು 1862ರಲ್ಲಿ.

ಅಧಿಕಾರ ಕೈಬದಲಾದ ಮೇಲೆ ವಾದಗಳೂ ಕೈಬದಲಾದವು. 1803ರಲ್ಲಿ ಜೆಫರ್ಸನ್ 1.5 ಕೋಟಿ ಡಾಲರಿಗೆ ಲೂಯಿಸಿಯಾನಾವನ್ನು ಕೊಂಡಾಗ, ಸಂವಿಧಾನದಲ್ಲಿ ಇದಕ್ಕೆ ಅಧಿಕಾರವೆಲ್ಲಿದೆ ಎಂದು ಕೇಳಿದವರು ಫೆಡರಲಿಸ್ಟರು. ಬ್ರಿಟನ್ ಮತ್ತು ಫ್ರಾನ್ಸ್ ಎರಡನ್ನೂ ಮಣಿಸಲು 1807ರ ಡಿಸೆಂಬರ್‌ನಲ್ಲಿ ಬಂದ ಹಡಗು ನಿರ್ಬಂಧ ಕಾಯ್ದೆ, ಮ್ಯಾಡಿಸನ್ನರ ಹಳೆಯ ವ್ಯಾಪಾರದ ಆಯುಧದ ಪೂರ್ಣ ಪ್ರಯೋಗ. 1807ರಲ್ಲಿ 10.8 ಕೋಟಿ ಡಾಲರ್ ಇದ್ದ ರಫ್ತು ಮರುವರ್ಷ 2.2 ಕೋಟಿಗೆ ಕುಸಿಯಿತು. ನ್ಯೂ ಇಂಗ್ಲೆಂಡಿನ ಬಂದರುಗಳು ಪಾಳುಬಿದ್ದವು, ಬ್ರಿಟನ್ ಮಣಿಯಲಿಲ್ಲ. 1812ರ ಜೂನ್‌ನಲ್ಲಿ ಬ್ರಿಟನ್ನಿನ ಮೇಲೆ ಯುದ್ಧ ಸಾರುವ ನಿರ್ಣಯಕ್ಕೆ ಪ್ರತಿನಿಧಿ ಸಭೆಯಲ್ಲಿ 79ಕ್ಕೆ 49, ಸೆನೆಟ್ಟಿನಲ್ಲಿ 19ಕ್ಕೆ 13 ಮತ ಬಿದ್ದವು. ಪರವಾಗಿ ಒಬ್ಬ ಫೆಡರಲಿಸ್ಟನೂ ಕೈ ಎತ್ತಲಿಲ್ಲ. ಹೊರದೇಶದ ಎದುರು ಎಲ್ಲರೂ ಒಂದಾಗಿ ನಿಲ್ಲುತ್ತಿದ್ದರು ಎಂಬ ವಾಕ್ಯವನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಬೇಕು. 1814ರ ಕೊನೆಯಲ್ಲಿ ನ್ಯೂ ಇಂಗ್ಲೆಂಡಿನ 26 ಪ್ರತಿನಿಧಿಗಳು ಹಾರ್ಟ್‌ಫರ್ಡಿನಲ್ಲಿ ಸೇರಿ, ಯುದ್ಧ ಸಾರಲು ಮೂರನೇ ಎರಡು ಬಹುಮತ ಬೇಕು, ಹಡಗು ನಿರ್ಬಂಧ 60 ದಿನ ಮೀರಬಾರದು ಎಂಬ ತಿದ್ದುಪಡಿಗಳನ್ನು ಬೇಡಿದರು. ಅವರ ದೂತರು ರಾಜಧಾನಿ ಮುಟ್ಟುವ ಹೊತ್ತಿಗೆ ನ್ಯೂ ಆರ್ಲಿಯನ್ಸಿನ ಗೆಲುವಿನ ಸುದ್ದಿಯೂ ಘೆಂಟ್ ನಗರದಲ್ಲಾದ ಸಂಧಿಯ ಸುದ್ದಿಯೂ ಬಂದಿದ್ದವು. ಫೆಡರಲಿಸ್ಟ್ ಪಕ್ಷ ಮತ್ತೆ ಏಳಲಿಲ್ಲ. ನಾವಿಕರನ್ನು ಎಳೆದೊಯ್ಯುವ ಪದ್ಧತಿಯ ಬಗ್ಗೆ ಮೌನವಾಗಿದೆ ಎಂದು 1795ರಲ್ಲಿ ಜೇ ಅವರ ಪ್ರತಿಕೃತಿಯನ್ನು ಸುಟ್ಟರು. ಅದೇ ಮೌನಕ್ಕಾಗಿ 1806ರ ಕೊನೆಯಲ್ಲಿ ಬ್ರಿಟನ್ನಿನೊಂದಿಗೆ ಆದ ಇನ್ನೊಂದು ಒಪ್ಪಂದವನ್ನು ಜೆಫರ್ಸನ್ ಸೆನೆಟ್ಟಿಗೆ ಕಳಿಸದೆ ಇಟ್ಟುಕೊಂಡರು. ಅದೇ ಕಾರಣವನ್ನು ಮುಂದಿಟ್ಟು, 1812ರಲ್ಲಿ ಅಧ್ಯಕ್ಷರಾಗಿದ್ದ ಮ್ಯಾಡಿಸನ್ ಯುದ್ಧಕ್ಕೆ ಹೋದರು. 1814ರ ಡಿಸೆಂಬರ್ 24ರಂದು ಮ್ಯಾಡಿಸನ್ ಸರ್ಕಾರದ ಪ್ರತಿನಿಧಿಗಳು ಸಹಿ ಹಾಕಿದ ಘೆಂಟ್ ಸಂಧಿಯಲ್ಲಿ ಆ ಪದ್ಧತಿಯ ಬಗ್ಗೆ ಒಂದು ಅಕ್ಷರವೂ ಇಲ್ಲ. ಸೆನೆಟ್ ಅದನ್ನು ಒಂದೇ ಒಂದು ವಿರೋಧ ಮತವಿಲ್ಲದೆ ಒಪ್ಪಿತು.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ. ತೊಡಕಿನ ಮೈತ್ರಿಯ ಮಾತನ್ನು ಜೆಫರ್ಸನ್ನರ ಹೆಸರಿಗೆ ತಿದ್ದಿ ಒಂದು ಸಾಲಿನ ತಿದ್ದೋಲೆ ಪ್ರಕಟಿಸಬೇಕು. ಲೇಖಕರು ಇದೇ ವಿಷಯವನ್ನು ಮುಂದುವರಿಸುವುದಾದರೆ 1795 ಮತ್ತು 1796ರ ಜೇ ಒಪ್ಪಂದದ ಚರ್ಚೆಗೆ ಒಂದು ಇಡೀ ಕಂತನ್ನು ಮೀಸಲಿಡಬೇಕು. ಅದನ್ನು ಓದಲು ನಾನು ಕಾದಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಇತಿಹಾಸ ಅಧ್ಯಾಪಕ